ಇಷ್ಟವಾಗದ ನಾಯಕಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



'ನನ್ನ ಮೇಲೆ ಪ್ರಭಾವ ಬೀರಿದ ಪುಸ್ತಕ' ಎಂಬ ವಿಷಯ ಕೊಟ್ಟಿದ್ದಾರೆ. ಇಂಥ ಕಡೆ ದೊಡ್ಡ ಗ್ರಂಥಗಳ ಹೆಸರು ಹೇಳುವುದು ವಾಡಿಕೆ. ನಾನು ಹೇಳುವುದು ಪ್ರೇಮ, ಮದುವೆಯ ಒಂದು ಕಾದಂಬರಿಯ ಬಗ್ಗೆ. ಅಂಥವನ್ನು ಲೆಕ್ಕದ ಪುಸ್ತಕದೊಳಗೆ ಇಟ್ಟುಕೊಂಡು ಓದಿ ಸಿಕ್ಕಿಬಿದ್ದವರಲ್ಲಿ ನಾನೂ ಒಬ್ಬಳು. ನನ್ನಿಂದ ಕಿತ್ತುಕೊಂಡ ಕಾದಂಬರಿಯನ್ನು ಮೇಷ್ಟ್ರು ಒಂದು ವಾರ ಬಿಟ್ಟು ಕೊಟ್ಟರು. ಅಷ್ಟರಲ್ಲಿ ಅವರ ಮನೆಯವರು ಓದಿ ಮುಗಿಸಿದ್ದರಂತೆ!

ಆಗ ನಮಗೆ ನಾಯಕಿ ಎಂದರೆ ಒಳ್ಳೆಯವಳೇ ಆಗಿರಬೇಕು. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು ಚಿತ್ರ ಮಾಡಿದ 'ಬೆಳ್ಳಿಮೋಡ' ಟೆಂಟಿಗೆ ಬಂದಿತ್ತು. ಆಸ್ತಿ ಸಿಗುವುದಿಲ್ಲವೆಂದು ಕೈಬಿಟ್ಟವನು ಮತ್ತೆ ಬಂದಾಗ ಇಂದಿರೆ ಒಲ್ಲೆ ಎನ್ನುತ್ತಾಳಲ್ಲ, ನಾವು ಚಪ್ಪಾಳೆ ತಟ್ಟಿದೆವು. ತಪ್ಪೆಲ್ಲ ಅವನದು. ಅವಳ ಪಕ್ಷ ವಹಿಸುವುದು ಸುಲಭ.

ಮೈಸೂರಿನಲ್ಲಿ ಬಿ.ಎ. ಓದುವಾಗ ಜೇನ್ ಆಸ್ಟಿನ್ ಅವರ 'ಎಮ್ಮಾ' ಕೈಗೆ ಬಂತು. 1815ರ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದದ್ದು. ತನಗೊಬ್ಬಳಿಗಲ್ಲದೆ ಬೇರೆ ಯಾರಿಗೂ ಅಷ್ಟಾಗಿ ಹಿಡಿಸದ ನಾಯಕಿಯ ಬಗ್ಗೆ ಬರೆಯುತ್ತೇನೆಂದು ಲೇಖಕಿಯೇ ಹೇಳಿದ್ದರಂತೆ. ನನಗಂತೂ ಹಿಡಿಸಲಿಲ್ಲ. ಎಮ್ಮಾಗೆ ಇನ್ನೂ ಇಪ್ಪತ್ತೊಂದು ತುಂಬಿಲ್ಲ. ರೂಪವಿದೆ, ದುಡ್ಡಿದೆ, ಮಾಡಲು ಕೆಲಸವಿಲ್ಲ. ಹ್ಯಾರಿಯೆಟ್ ಎಂಬ ಬಡಪಾಯಿ ಹುಡುಗಿಯನ್ನು ಒಬ್ಬ ಒಳ್ಳೆಯ ರೈತ ಕೇಳಿದರೆ, ಅವನು ನಿನಗೆ ತಕ್ಕವನಲ್ಲ ಎಂದು ತಲೆಕೆಡಿಸಿ, ಊರಿನ ಪಾದ್ರಿಗೆ ಗಂಟುಹಾಕಲು ಹೊರಡುತ್ತಾಳೆ. ಪಾದ್ರಿಯ ಕಣ್ಣು ಎಮ್ಮಾಳ ಮೇಲೆಯೇ! ನಿಘಂಟು ನೋಡಿ ನೋಡಿ ಓದುತ್ತಿದ್ದ ನನಗೆ, ಇವಳಿಗಾಗಿ ಇಷ್ಟು ಕಷ್ಟಪಡಬೇಕೆ ಎನಿಸಿತ್ತು.

ಆಮೇಲೆ ಬಾಕ್ಸ್ ಹಿಲ್ ಎಂಬ ಗುಡ್ಡಕ್ಕೆ ಎಲ್ಲರೂ ವಿಹಾರ ಹೋಗುವ ಪ್ರಸಂಗ ಬರುತ್ತದೆ. ಜೊತೆಯಲ್ಲಿ ಮಿಸ್ ಬೇಟ್ಸ್ ಇದ್ದಾರೆ. ಮದುವೆಯಾಗದೆ ಉಳಿದ, ಮುದಿ ತಾಯಿಯನ್ನು ಸಾಕಿಕೊಂಡು ಬಡತನದಲ್ಲಿರುವ ಹೆಂಗಸು. ಬಾಯಿ ತೆರೆದರೆ ಮುಚ್ಚುವುದಿಲ್ಲ. ಮಾತಿನ ಆಟವೊಂದು ನಡೆಯುತ್ತದೆ: ಜಾಣತನದ ಒಂದು ಮಾತಾದರೂ ಹೇಳಬೇಕು, ಇಲ್ಲವೇ ಪೆದ್ದು ಮಾತು ಮೂರು. ಮೂರು ಪೆದ್ದು ಮಾತು ನನಗೆ ಸಲೀಸು ಎಂದು ಅವರು ತಾವೇ ನಗುತ್ತಾರೆ. ಎಮ್ಮಾ ಎಲ್ಲರೆದುರು, ಒಮ್ಮೆಗೆ ಮೂರೇ, ಅದೇ ನಿಮಗೆ ಕಷ್ಟ ಎಂಬರ್ಥ ಬರುವಂತೆ ಚುಚ್ಚುತ್ತಾಳೆ. ಅವರಿಗೆ ತಕ್ಷಣ ಹೊಳೆಯುವುದಿಲ್ಲ. ಹೊಳೆದಾಗ ಮುಖ ಕೆಂಪಾಗುತ್ತದೆ.

ನಾನು ಪುಸ್ತಕ ಮುಚ್ಚಿಟ್ಟೆ.

ನಮ್ಮ ಕಾಲದಲ್ಲಿ ಶಾಲೆಯ ಹಿಂದೆ ಒಬ್ಬ ಅಜ್ಜಿಯ ಮನೆ ಇತ್ತು. ಶಾಲೆಯಲ್ಲಿ ಕುಡಿಯುವ ನೀರಿರಲಿಲ್ಲ. ಇಂಟರ್‌ವೆಲ್‌ನಲ್ಲಿ ಅವರ ಜಗಲಿಗೆ ಓಡುತ್ತಿದ್ದೆವು. ತಾಮ್ರದ ಕೊಡದಿಂದ ನೀರು, ಜೊತೆಗೆ ಚೂರು ಬೆಲ್ಲ, ಮತ್ತೆ ಮಾತು, ಮಾತು. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಅವರು, "ಒಂದು ಮಾತು ಹೇಳ್ತೀನಿ ಕೇಳ್ರೇ" ಅಂದರು. ನಾನು, "ಒಂದೇ ಆದ್ರೆ ಹೇಳಿ ಅಜ್ಜಿ, ನಿಮ್ಮ ಎರಡನೇ ಮಾತಿಗೆ ನಮಗೆ ಪರೀಕ್ಷೆ ಬಂದುಬಿಡುತ್ತೆ" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಜ್ಜಿಯೂ ನಕ್ಕರು. ಮರುದಿನ ಜಗಲಿಯ ಮೇಲೆ ಕೊಡ ಇತ್ತು, ಲೋಟ ಇತ್ತು, ಬೆಲ್ಲವೂ ಇತ್ತು. ಅಜ್ಜಿ ಹೊರಗೆ ಬರಲಿಲ್ಲ.

ಎಮ್ಮಾಳನ್ನು ನೈಟ್ಲಿ ಎಂಬ ಹಿತೈಷಿ ಗದರಿಸುತ್ತಾನೆ. ಕೊನೆಗೆ ಅವಳ ಕೈಹಿಡಿಯುವವನೂ ಅವನೇ. ನನ್ನನ್ನು ಯಾರೂ ಗದರಿಸಲಿಲ್ಲ, ಜಾಣೆ ಎಂದರು. ಎಮ್ಮಾ ಅತ್ತು, ಮರುದಿನ ಬೆಳಿಗ್ಗೆಯೇ ಮಿಸ್ ಬೇಟ್ಸ್ ಮನೆಗೆ ಹೋಗುತ್ತಾಳೆ. ಅಲ್ಲಿಂದ ಮುಂದೆ ನಾನು ಅವಳನ್ನು ಬೈಯುತ್ತಾ ಓದಲಾಗಲಿಲ್ಲ. ಅವಳು ಹೋದಳು, ನಾನು ಹೋಗಿರಲಿಲ್ಲ. ರಜೆಗೆ ಊರಿಗೆ ಬರುವ ಹೊತ್ತಿಗೆ ಅಜ್ಜಿ ತೀರಿಕೊಂಡಿದ್ದರು.

ಅವರ ಮನೆಯವರು ಈ ಸಭೆಯಲ್ಲಿದ್ದಾರೆ; ಹೆಸರು ಹೇಳಿ ಮುಜುಗರ ಮಾಡುವುದಿಲ್ಲ. ಭಾಷಣ ಮುಗಿಸಿ ಅವರ ಮನೆಗೆ ಹೋಗಬೇಕೆಂದಿದ್ದೇನೆ. ಊಟಕ್ಕೆ ಬಡಿಸುವವರು ನನಗಾಗಿ ಕಾಯಬೇಡಿ, ಪಂಕ್ತಿ ಶುರು ಮಾಡಿ.