ಅನಾಥ ಮಗುವಿಗೆ ಅನ್ನ ಮಾತ್ರ ಸಾಕೆ?



ಪುಣೆಯಿಂದ ಸೋಲಾಪುರದ ಕಡೆ ರೈಲು ಹತ್ತಿದರೆ ದೌಂಡಿಗೆ ಮೊದಲು ಕೇಡಗಾಂವ ಸ್ಟೇಶನ್ ಸಿಗುತ್ತದೆ. ಅಲ್ಲಿರುವ ಪಂಡಿತಾ ರಮಾಬಾಯಿಯವರ ಮುಕ್ತಿ ಮಿಶನ್ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ರಮಾಬಾಯಿ ನಮ್ಮ ಘಟ್ಟದಲ್ಲಿ ಹುಟ್ಟಿದವರು, 1858ರಲ್ಲಿ, ಗಂಗಾಮೂಲದಲ್ಲಿ. ಬರಗಾಲದಲ್ಲಿ ತಂದೆ, ತಾಯಿ, ಅಕ್ಕನನ್ನು ಕಳೆದುಕೊಂಡು ಅಣ್ಣನ ಜೊತೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿದರು. ಹಸಿವೆಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. 1896–97ರ ಬರದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ ದಿಕ್ಕಿಲ್ಲದ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಆಗ ಪ್ಲೇಗು. ಕೇಡಗಾಂವದ ಹೊಲದಲ್ಲಿ ವಸತಿ ಎದ್ದಿತು. 1900ರ ಹೊತ್ತಿಗೆ ಅಲ್ಲಿ ಒಂದೂವರೆ ಸಾವಿರ ಮಂದಿ ಇದ್ದರು.

ಅಷ್ಟು ಮಂದಿಗೆ ಅನ್ನ ಹಾಕುವ ಕಷ್ಟ ಅಡಿಗೆಮನೆಯಲ್ಲಿ ದುಡಿದ ನಮಗೆ ಗೊತ್ತು. ಆದರೆ ರಮಾಬಾಯಿ ಅನ್ನಕ್ಕೇ ನಿಲ್ಲಲಿಲ್ಲ. ಓದು ಕಲಿಸಿದರು, ನೇಯ್ಗೆ, ಒಕ್ಕಲುತನ, ಹೈನು ಕಲಿಸಿದರು. ಕಣ್ಣಿಲ್ಲದವರಿಗೆ ಬ್ರೈಲ್ ಅಕ್ಷರ ಕಲಿಸಿದರು. ಅಚ್ಚುಕೂಟದಲ್ಲಿ ಹುಡುಗಿಯರೇ ಮೊಳೆ ಜೋಡಿಸಿದರು. ಮಗಳು ಮನೋರಮಾ ಗುಲ್ಬರ್ಗದ ಶಾಲೆಯನ್ನು ನಡೆಸಿದರು. ಕನ್ನಡ ನಾಡಿಗೂ ಆ ಋಣವಿದೆ. 1922ರಲ್ಲಿ ರಮಾಬಾಯಿ ತೀರಿಕೊಂಡರು. ಮಿಶನ್ ಇಂದಿಗೂ ನಡೆಯುತ್ತಿದೆ.

ಮತದ ಜಗಳ ಇರಲಿಲ್ಲವೆ ಎಂದು ಕೇಳುವಿರಿ. ಇತ್ತು. ರಮಾಬಾಯಿ ಕ್ರೈಸ್ತರು. ಹುಡುಗಿಯರು ಅವರ ಪ್ರಾರ್ಥನೆಗೆ ಸೇರುತ್ತಾರೆಂಬ ಮಾತೆದ್ದು, 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದವರು ಶಾರದಾ ಸದನದ ಸಲಹಾ ಮಂಡಲಿ ಬಿಟ್ಟರು. ಆ ವಾದ ಇನ್ನೂ ಮುಗಿದಿಲ್ಲ. ನಮ್ಮ ಮಾತು ಇಷ್ಟೇ: ಮಗುವಿನ ಹೆಸರು, ಮನೆಮಾತು, ದೇವರು ಇವೆಲ್ಲ ಮಗುವಿನ ಸ್ವತ್ತು, ಯಾವ ಮತದ ಆಶ್ರಮವೂ ಅದನ್ನು ಕಾಯಬೇಕು. ಆದರೆ ಬರೀ ಟೀಕೆ ಮಾಡುವವನು, ಆ ಮಗುವನ್ನು ಬೀದಿಯಿಂದ ತಾನೇಕೆ ಎತ್ತಿಕೊಳ್ಳಲಿಲ್ಲವೆಂದು ತನ್ನನ್ನೂ ಕೇಳಿಕೊಳ್ಳಲಿ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ತಂದೆಯಿಲ್ಲದ ಹುಡುಗನನ್ನು ಊರಿನಿಂದ ಕರೆತಂದು ಲೋಟ ತೊಳೆಯಲು ನಿಲ್ಲಿಸುವುದು ನಮ್ಮವರಲ್ಲಿ ಹಳೆಯ ರೂಢಿ. “ಎರಡು ಹೊತ್ತು ಊಟವಾದರೂ ಸಿಗುತ್ತದಲ್ಲ” ಎಂದು ಧಣಿಗಳೂ ಹೇಳುತ್ತಾರೆ, ನಾವೂ ಹೇಳುತ್ತೇವೆ. ಊಟ ಸಿಗುತ್ತದೆ ನಿಜ. ಅಕ್ಷರ ಸಿಗುವುದಿಲ್ಲ, ಮಲಗಲು ಹೊತ್ತು ಸಿಗುವುದಿಲ್ಲ, ಜ್ವರ ಬಂದರೆ ಕೇಳುವ ತಾಯಿ ಇರುವುದಿಲ್ಲ. ಸರಕಾರ 2006ರ ಅಕ್ಟೋಬರದಿಂದ ಹೋಟೆಲು, ಢಾಬಾಗಳಲ್ಲಿ 14ರೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿದೆ. ಅದನ್ನು ನಮ್ಮ ವಿರುದ್ಧದ ಕಾನೂನೆಂದು ತಿಳಿಯಬೇಡಿ. ಹುಡುಗನಿಗೆ ಕೊಡುವ ಪುಡಿಗಾಸೇ ದೊಡ್ಡವನ ಪಗಾರವನ್ನೂ ಕೆಳಗೆಳೆಯುತ್ತದೆ.

ಹಾಗಾದರೆ ಅವನನ್ನು ಓಡಿಸುವುದೆ? ಅಲ್ಲ. ಅದು ಅನ್ನವನ್ನೂ ಕಸಿದಂತೆ. 1098ಕ್ಕೆ ಫೋನ್ ಮಾಡಿ. 2015ರ ಬಾಲನ್ಯಾಯ ಕಾಯಿದೆಯಂತೆ ಅಂಥ ಮಗುವನ್ನು, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಬೇಕು. ಮನೆಗೆ ಕಳಿಸುವುದೋ, ಆಶ್ರಮಕ್ಕೋ ಎಂದು ಸಮಿತಿ ತೀರ್ಮಾನಿಸುತ್ತದೆ. ಸೇರಿಸಿಕೊಳ್ಳುವ ಆಶ್ರಮ, ಯಾವ ಮತದ್ದಾದರೂ, ಆ ಕಾಯಿದೆಯಡಿ ನೋಂದಾಯಿಸಿರಬೇಕು. ದಾನ ಕೊಡುವ ಮೊದಲು ನೋಂದಣಿ ಕೇಳಿ. ಮಕ್ಕಳು ಶಾಲೆಗೆ ಹೋಗುತ್ತಾರೆಯೆ ಎಂದೂ ಕೇಳಿ.

ಅಲ್ಲಿಗೆ ನಮ್ಮ ಕೆಲಸ ಮುಗಿಯದು. ಆ ಹುಡುಗ ಕನ್ನಡ ಮಾತ್ರ ಬಲ್ಲವನಾದರೆ ಸಮಿತಿಯಲ್ಲಿ ಅವನ ಮಾತನ್ನು ಮರಾಠಿಯಲ್ಲಿ ತಿಳಿಸುವವರು ಬೇಕು. ವಾರದ ರಜೆಯಲ್ಲಿ ಅವನನ್ನು ಕಂಡು, ಅವನ ಭಾಷೆಯಲ್ಲಿ “ಊಟ ಆಯಿತೇನಪ್ಪಾ?” ಎಂದು ಕೇಳುವವರು ಬೇಕು. ಸಮಿತಿಯ ಅನುಮತಿ ಪಡೆದು ಸಂಘದ ಸದಸ್ಯರು ಇದನ್ನು ಮಾಡಬಹುದು. ಮುಂದೆ ಬರುವವರು ಈ ಸಭೆ ಮುಗಿಯುವ ಮುನ್ನ ಹೆಸರು ಬರೆಸಬೇಕೆಂದು ಕೋರುತ್ತೇವೆ.