ಲೈನ್‌ಮನೆಯ ಹೆಂಚು

ಮೃಗಶಿರ ಮಳೆಗೆ ದಿನ ಎಣಿಸುತ್ತಿರುವ ಈ ವಾರದಲ್ಲಿ ಕಳಸ, ಹೊರನಾಡು, ಮೂಡಿಗೆರೆ ಸೀಮೆಯ ಅಂಗಡಿಗಳ ಮುಂದೆ ನೀಲಿ ಟಾರ್ಪಾಲಿನ ಸುರುಳಿಗಳು ಬಂದಿಳಿದಿವೆ. ರಸ್ತೆಗೆ ಕಾಣುವ ಕೆಲವು ಲೈನ್‌ಮನೆಗಳ ಮಾಡಿನ ಮೇಲೂ ಆ ನೀಲಿ ಆಗಲೇ ಹರಡಿಕೊಂಡಿದ್ದು, ಗಾಳಿಗೆ ಹಾರದಂತೆ ಅದರ ಮೇಲೆ ಕಲ್ಲು, ಹಳೆಯ ಟೈರು, ಸಿಲ್ವರ್ ಮರದ ತುಂಡುಗಳನ್ನು ಹೇರಲಾಗಿದೆ. ಕಾಫಿ ತೋಟದ ಕೆಲಸಗಾರರ ಕುಟುಂಬಗಳಿಗಾಗಿ ಒಂದಕ್ಕೊಂದು ತಾಗಿಸಿ ಒಂದೇ ಸಾಲಿನಲ್ಲಿ ಕಟ್ಟಿದ, ಹಲವು ಮನೆಗಳು ಸೇರಿ ಒಂದೇ ಮಾಡನ್ನು ಹಂಚಿಕೊಂಡ ವಸತಿಯನ್ನು ಈ ಭಾಗದಲ್ಲಿ ಲೈನ್‌ಮನೆ ಅಥವಾ ಬರೀ ಲೈನು ಎನ್ನುತ್ತಾರೆ. ನಗರದ ಅಪಾರ್ಟ್‌ಮೆಂಟು ಮನೆಗಳನ್ನು ಒಂದರ ಮೇಲೊಂದು ಪೇರಿಸುತ್ತದೆ, ಲೈನು ಅವನ್ನು ಒಂದರ ಪಕ್ಕ ಒಂದು ಇಡುತ್ತದೆ. ಆದರೆ ನಡುಗೋಡೆ, ಮಾಡು, ಚರಂಡಿ, ನೀರಿನ ತೊಟ್ಟಿ ಯಾರೊಬ್ಬರದೂ ಅಲ್ಲ ಎಂಬಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ, ದುರಸ್ತಿಯ ಮಾತು ಬಂದಾಗ ಏಳುವ ತಕರಾರಿನಲ್ಲಂತೂ ಇಲ್ಲವೇ ಇಲ್ಲ.

ಮೇ ತಿಂಗಳಲ್ಲಿ ಟಾರ್ಪಾಲು ಮಾಡು ಹತ್ತಿದೆ ಎಂದರೆ ಆ ವರ್ಷ ಅಲ್ಲಿ ಹೆಂಚು ಕೈಯಾಡಿಸಿಲ್ಲ ಎಂದು ತಿಳಿಯಬಹುದು. ಮಳೆಗಾಲಕ್ಕೆ ಮುನ್ನ ಮಾಡು ಹತ್ತಿ, ಹೆಂಚುಗಳನ್ನು ಒಂದೊಂದಾಗಿ ತೆಗೆದು, ಪಾಚಿ ಕೆರೆದು, ಒಡೆದದ್ದನ್ನು ಬದಲಿಸಿ, ಕೆಳಗಿನ ಪಕಾಸಿ ರೀಪುಗಳನ್ನು, ಅಂದರೆ ಮಾಡಿನ ಭಾರ ಹೊರುವ ಇಳಿಜಾರು ಮರಗಳನ್ನೂ ಅವುಗಳ ಮೇಲೆ ಅಡ್ಡಲಾಗಿ ಹೊಡೆದ ಪಟ್ಟಿಗಳನ್ನೂ ತಟ್ಟಿ ನೋಡಿ, ಮತ್ತೆ ಅದೇ ಕ್ರಮದಲ್ಲಿ ಹೊದಿಸುವ ಕೆಲಸಕ್ಕೆ ಮಲೆನಾಡು, ಕರಾವಳಿಗಳಲ್ಲಿ ಕೈಯಾಡಿಸುವುದು ಎನ್ನುತ್ತಾರೆ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಸ್ಥಾಪಿಸಿದ ಮೇಲೆ ಘಟ್ಟದ ಮೇಲೂ ಕೆಳಗೂ ಹರಡಿದ ಮಂಗಳೂರು ಹೆಂಚಿನ ಗುಣವೇ ಈ ಆರೈಕೆಯನ್ನು ಬೇಡುವಂಥದ್ದು. ಒಂದು ಹೆಂಚಿನ ತುಟಿ ಇನ್ನೊಂದರ ಕಚ್ಚಿನಲ್ಲಿ ಕೂರುತ್ತದೆ, ಗಾರೆಯಾಗಲಿ ಮೊಳೆಯಾಗಲಿ ಬೇಕಿಲ್ಲ, ಯಾವ ಹೆಂಚನ್ನು ಬೇಕಾದರೂ ಅದೊಂದನ್ನೇ ಎತ್ತಿ ಬದಲಿಸಬಹುದು. ಆದರೆ ಮಂಗಗಳು ಹಾರಿದಾಗಲೋ ಹಲಸಿನ ಕೊಂಬೆ ಬಿದ್ದಾಗಲೋ ಅದು ಅಷ್ಟೇ ಸುಲಭವಾಗಿ ಬೆರಳಗಲ ಸರಿಯುತ್ತದೆ. ಸರಿದ ಹೆಂಚು ಕೆಳಗೆ ನಿಂತವರ ಕಣ್ಣಿಗೆ ಕಾಣುವುದಿಲ್ಲ. ಮಾಡು ಹತ್ತಿ, ಪಕಾಸಿ ಇರುವ ಜಾಗವನ್ನು ಅಂದಾಜಿನಿಂದಲೇ ಹಿಡಿದು ಬರಿಗಾಲಿನಲ್ಲಿ ನಡೆಯಬಲ್ಲವರ ಕಣ್ಣಿಗೆ ಮಾತ್ರ ಕಾಣುತ್ತದೆ, ಮತ್ತು ಅಂಥವರು ಈಗ ತೋಟಗಳಲ್ಲಿ ಅಪರೂಪ.

ಒಂದು ಮನೆಗೆ ಒಂದೇ ಮಾಡಿದ್ದರೆ ಸೋರಿದ ಮನೆಯವರೇ ಮೇಲೆ ಹತ್ತಿಯಾರು. ಲೈನಿನಲ್ಲಿ ಹಾಗಾಗುವುದಿಲ್ಲ. ಮೂರನೆಯ ಮನೆಯ ಮೇಲೆ ಹೆಂಚು ಸರಿದರೆ ನೀರು ಅಲ್ಲೇ ಬೀಳಬೇಕೆಂದೇನೂ ಇಲ್ಲ. ಅದು ರೀಪಿನ ಮೇಲೆ ಅಡ್ಡಲಾಗಿ ಹರಿದು, ನಡುಗೋಡೆಯ ತಲೆಯವರೆಗೆ ಬಂದು, ಗೋಡೆಯ ಮಣ್ಣಿನೊಳಗೆ ಇಳಿದು, ನಾಲ್ಕನೆಯ ಮನೆಯ ಅಕ್ಕಿ ಡಬ್ಬದ ಹಿಂದೆ ಬೂಷ್ಟಾಗಿ ಕಾಣಿಸಿಕೊಳ್ಳುತ್ತದೆ. ಮೂರನೆಯ ಮನೆಯವರಿಗೆ ತಮ್ಮ ಮನೆ ಸೋರುತ್ತಿಲ್ಲ. ನಾಲ್ಕನೆಯ ಮನೆಯವರು ತಮ್ಮ ತಲೆಯ ಮೇಲಿನ ಹೆಂಚನ್ನೆಲ್ಲ ತಡಕಾಡಿದರೂ ತೂತು ಸಿಗುವುದಿಲ್ಲ. ರೈಟರಿಗೆ, ಅಂದರೆ ತೋಟದ ಲೆಕ್ಕ ಮತ್ತು ಆಳುಗಳನ್ನು ನೋಡಿಕೊಳ್ಳುವವರಿಗೆ, ದೂರು ಹೋಗುತ್ತದೆ, ಅವರು ಬಂದು ನಾಲ್ಕನೆಯ ಮನೆಯ ಮೇಲೆ ಟಾರ್ಪಾಲು ಹೊದಿಸಲು ಹೇಳುತ್ತಾರೆ. ನೀರು ನಿಲ್ಲುವುದಿಲ್ಲ. ಬೆಂಗಳೂರಿನ ಯಾವುದೇ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಮೇಲ್ಮನೆಯ ಬಚ್ಚಲಿನ ನೀರು ಕೆಳಮನೆಯ ದೇವರ ಕೋಣೆಯಲ್ಲಿ ಇಳಿಯುವಾಗ ನಡೆಯುವ ಮಾತುಕತೆಗೂ ಇದಕ್ಕೂ ಭಾಷೆಯ ಬಿರುಸಿನಲ್ಲಷ್ಟೇ ಅಂತರ.

ಈ ಸೋರಿಕೆಗೆ ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಕಾರಣ ಸೇರಿಕೊಂಡಿದೆ, ಮತ್ತು ಯೋಚಿಸಬೇಕಾದದ್ದು ಹೆಚ್ಚಾಗಿ ಅದರ ಬಗ್ಗೆ. ಹಿಂದೆ ಲೈನಿನಲ್ಲಿ ಕುಟುಂಬಗಳು ವರ್ಷವಿಡೀ ಇರುತ್ತಿದ್ದವು. ಈಗ ನವೆಂಬರಿನಿಂದ ಫೆಬ್ರವರಿ, ಮಾರ್ಚಿನವರೆಗೆ ನಡೆಯುವ ಕಾಫಿ ಕೊಯ್ಲಿಗೆ ಅಸ್ಸಾಮಿನಂಥ ದೂರದ ರಾಜ್ಯಗಳಿಂದ ಬರುವವರೇ ಬಹಳ ತೋಟಗಳಿಗೆ ಆಧಾರ, ಮತ್ತು ಅವರಲ್ಲಿ ಅನೇಕರು ಮಳೆ ಹಿಡಿಯುವ ಮುನ್ನ ಊರಿಗೆ ಹಿಂತಿರುಗುತ್ತಾರೆ. ಹೀಗಾಗಿ ಲೈನಿನ ಅರ್ಧ ಮನೆಗಳು ಬಿಸಿಲಿರುವಾಗ ತುಂಬಿರುತ್ತವೆ, ಮಳೆ ಬರುವಾಗ ಖಾಲಿಯಾಗುತ್ತವೆ. ಅಲ್ಲಿ ವಾಸವಿದ್ದವರಿಗೆ ಮಾಡು ಸೋರಿದ್ದೇ ಗೊತ್ತಿರುವುದಿಲ್ಲ, ಸೋರುವ ಕಾಲಕ್ಕೆ ಅಲ್ಲಿ ಯಾರೂ ವಾಸವಿರುವುದಿಲ್ಲ. ಖಾಲಿ ಮನೆಯಲ್ಲಿ ಒಲೆಯೂ ಉರಿಯುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ಒಲೆಯ ಹೊಗೆ ಪಕಾಸಿ ರೀಪುಗಳಿಗೆ ಅಡರಿ ಹುಳು ಹಿಡಿಯದಂತೆ ಕಾಯುತ್ತಿತ್ತು, ಬೆಂಕಿಯ ಕಾವು ಗೋಡೆಯ ತೇವವನ್ನು ಅಷ್ಟಿಷ್ಟು ಎಳೆಯುತ್ತಿತ್ತು. ಜೂನಿನಿಂದ ಸೆಪ್ಟೆಂಬರಿನವರೆಗೆ ಬಾಗಿಲು ಹಾಕಿದ, ಒಲೆ ಆರಿದ ಮನೆಯೊಂದು ಸಾಲಿನ ನಡುವೆ ಇದ್ದರೆ ಅದರ ಶೀತ ಎರಡೂ ಕಡೆಯ ಗೋಡೆಗಳ ಮೂಲಕ ಪಕ್ಕದ ಮನೆಗಳಿಗೆ ದಾಟುತ್ತದೆ, ಮತ್ತು ಆಶ್ಲೇಷದ ಹೊತ್ತಿಗೆ ಭದ್ರಾ ನದಿ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿ ಕಳಸ, ಹೊರನಾಡುಗಳ ನಡುವಿನ ಆ ದಾರಿ ಕಡಿದಾಗ ಪಕ್ಕದ ಮನೆಯ ಮುದುಕರು, ಮಕ್ಕಳು ಆ ಶೀತದಲ್ಲೇ ಇರುತ್ತಾರೆ.

ನಗರದ ಅಪಾರ್ಟ್‌ಮೆಂಟುಗಳ ಮಟ್ಟಿಗೆ ಕಾನೂನು ಈ ಖಾಲಿ ಮನೆಯ ಬಗ್ಗೆ ಯೋಚಿಸಿದೆ ಎಂಬುದು ಇಲ್ಲಿ ನೆನೆಯತಕ್ಕದ್ದು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಂತೆ ಅಪಾರ್ಟ್‌ಮೆಂಟಿನ ಪ್ರತಿ ಮಾಲೀಕನಿಗೂ ಸಾಮಾನ್ಯ ಭಾಗಗಳಲ್ಲಿ, ಎಂದರೆ ಛಾವಣಿ, ಮೆಟ್ಟಿಲು, ತಳಪಾಯಗಳಂಥ ಎಲ್ಲರಿಗೂ ಸೇರಿದ ಭಾಗಗಳಲ್ಲಿ ಪಾಲಿದೆ, ಅವುಗಳ ಖರ್ಚಿನಲ್ಲೂ ಪಾಲಿದೆ. ಬಳಸುತ್ತಿಲ್ಲವೆಂದೋ ಮನೆ ಖಾಲಿ ಬಿಟ್ಟಿದೆಯೆಂದೋ ಹೇಳಿ ಆ ಖರ್ಚಿನಿಂದ ನುಣುಚಿಕೊಳ್ಳುವಂತಿಲ್ಲ. ಲೈನಿನಲ್ಲಿ ವಾಸಿಸುವವರು ಮಾಲೀಕರಲ್ಲವಾದ್ದರಿಂದ ಅಲ್ಲಿನ ಕಾನೂನು ಬೇರೆ. 1951ರ ತೋಟ ಕಾರ್ಮಿಕರ ಕಾಯ್ದೆಯ 15ನೆಯ ಕಲಮಿನಂತೆ ಕೆಲಸಗಾರರಿಗೂ ಅವರ ಕುಟುಂಬಕ್ಕೂ ಮನೆ ಕೊಡುವುದಷ್ಟೇ ಅಲ್ಲ, ಅದನ್ನು ಸುಸ್ಥಿತಿಯಲ್ಲಿ ಇಡುವುದೂ ತೋಟದ ಮಾಲೀಕರ ಹೊಣೆಯಾಗಿತ್ತು. 1981ರ ತಿದ್ದುಪಡಿ ಈ ಕಾಯ್ದೆಯನ್ನು 5 ಹೆಕ್ಟೇರು ಮತ್ತು 15 ಕೆಲಸಗಾರರ ತೋಟಗಳವರೆಗೆ ಇಳಿಸಿತು, ಜೊತೆಗೆ ಹೀಗೆ ಕೊಟ್ಟ ಮನೆ ಕುಸಿದು ಕೆಲಸಗಾರರೋ ಅವರ ಮನೆಯವರೋ ಸತ್ತರೆ ಅಥವಾ ಗಾಯಗೊಂಡರೆ ಪರಿಹಾರ ಕೊಡಬೇಕೆಂಬ ಹೊಸ ಕಲಮುಗಳನ್ನು ಸೇರಿಸಿತು. ಮನೆ ಕುಸಿಯುವ ಸಂಗತಿಗೆಂದೇ ಸಂಸತ್ತು ಪ್ರತ್ಯೇಕ ಕಲಮುಗಳನ್ನು ಬರೆಯಬೇಕಾಯಿತು ಎನ್ನುವುದೇ ದೇಶದ ತೋಟಗಳ ಮನೆಗಳ ಸ್ಥಿತಿಯ ಬಗ್ಗೆ ಬಹಳ ಹೇಳುತ್ತದೆ. 2020ರಲ್ಲಿ ಅಂಗೀಕಾರವಾದ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಈ ಹಳೆಯ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ.

ಬೆಳೆಗಾರರ ಕಡೆಯ ಮಾತೂ ಇದೆ, ಅದು ಸುಳ್ಳಲ್ಲ. ಈ ಬೆಟ್ಟಗಳಲ್ಲಿ ಸಣ್ಣ ಹಿಡುವಳಿಗಳೇ ಹೆಚ್ಚು; 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ಜಗತ್ತಿನಾದ್ಯಂತ ನೆಲಕಚ್ಚಿದಾಗ ಸಾಲ ತೀರಿಸಲಾಗದವರಿಗೆ ಲೈನಿನ ಹೆಂಚು ಯೋಚನೆಗೆ ಬರುವಂತಿರಲಿಲ್ಲ. ಬೆಲೆ ಏರಿದ ಈಚಿನ ವರ್ಷಗಳಲ್ಲೂ ಅದು ಯೋಚನೆಗೆ ಬಾರದಿದ್ದರೆ ಆ ಮಾತು ಅಷ್ಟಾಗಿ ನಿಲ್ಲಲಾರದು.

ಪರಿಹಾರದ ಆ ಕಲಮಿಗೆ ಎರಡು ಹೊರತುಗಳಿವೆ: ಕುಸಿತಕ್ಕೆ ಮನೆಯಲ್ಲಿದ್ದವರ ತಪ್ಪೇ ಕಾರಣವಾಗಿದ್ದರೆ, ಇಲ್ಲವೇ ಪ್ರಕೃತಿ ವಿಕೋಪವೇ ಕಾರಣವಾಗಿದ್ದರೆ ಮಾಲೀಕರು ಹೊಣೆಯಲ್ಲ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡವೇ ಜಾರಿ ಮನೆಗಳನ್ನು ಕೊಚ್ಚಿಕೊಂಡು ಹೋದಾಗ ಅದನ್ನು ವಿಕೋಪವೆನ್ನಲು ಯಾರೂ ಎರಡು ಸಲ ಯೋಚಿಸಬೇಕಾಗಿರಲಿಲ್ಲ. ಆದರೆ ಸರಿದ ಹೆಂಚಿನಿಂದ ಏಳೆಂಟು ಮಳೆಗಾಲ ನೀರು ಕುಡಿದ ನಡುಗೋಡೆಯೊಂದು ಪುಷ್ಯ ಮಳೆಯ ರಾತ್ರಿ ಬಿದ್ದರೆ ಅದಕ್ಕೆ ಆ ರಾತ್ರಿಯ ಮಳೆ ಕಾರಣವೋ, ಆ ಏಳೆಂಟು ವರ್ಷಗಳು ಕಾರಣವೋ? ರಾತ್ರಿ ಬಿದ್ದ ಮಳೆಗೆ ತೋಟದ ಕಚೇರಿಯಲ್ಲೇ ಮಾಪಕವಿರುತ್ತದೆ, ಪ್ರತಿ ಬೆಳಿಗ್ಗೆ ಇಂಚು ಸೆಂಟುಗಳಲ್ಲಿ ಅದನ್ನು ಬರೆದಿಡುವುದು ಕಾಫಿ ಬೆಳೆಗಾರರ ನಿಷ್ಠೆಯ ಅಭ್ಯಾಸ. ಏಳೆಂಟು ವರ್ಷಗಳ ಲೆಕ್ಕವೂ ಅದೇ ಕಚೇರಿಯಲ್ಲಿ ಸಿಕ್ಕೀತು. ಯಾವ ದಿನ ಎಷ್ಟು ಆಳು ಯಾವ ಕೆಲಸಕ್ಕೆ ಹೋದರು ಎಂದು ಬರೆಯುವ ಚೆಕ್‌ರೋಲು ಪುಸ್ತಕದಲ್ಲಿ ಕಪಾತು, ಚಿಗುರು, ಗೊಬ್ಬರ, ಮರಗಸಿಗಳ ನಡುವೆ ಲೈನಿನ ಹೆಂಚು ಕೈಯಾಡಿಸಿದ್ದಕ್ಕೂ ಒಂದು ಸಾಲು ಬಿದ್ದಿರಲೇಬೇಕು, ಏಕೆಂದರೆ ಮಾಡು ಹತ್ತಿದವರಿಗೆ ಆ ದಿನದ ಸಂಬಳ ಕೊಡಬೇಕಲ್ಲ. ಗೋಡೆ ಬಿದ್ದ ಮೇಲೆ ತನಿಖೆಗೆ ಬರುವವರು ಬಿರುಕನ್ನೂ ಮಳೆಯ ಅಂಕಿಯನ್ನೂ ನೋಡುವ ಮೊದಲು ಹಿಂದಿನ ವರ್ಷಗಳ ಮೇ ತಿಂಗಳ ಪುಟಗಳನ್ನು ತೆರೆಸಿ ನೋಡುವುದು ಒಳ್ಳೆಯದು, ಗೋಡೆ ಬೀಳುವ ಮೊದಲೇ ಅದನ್ನು ನೋಡುವುದಕ್ಕೂ ಯಾರ ಅಡ್ಡಿಯೂ ಇಲ್ಲ.