ಸಂತಾನನಿಯಂತ್ರಣದ ಗುಳಿಗೆ



ಬಸುರಿಯಾದ ಹೆಂಗಸು ಆ ಒಂಬತ್ತು ತಿಂಗಳೊಳಗೆ ಮತ್ತೊಮ್ಮೆ ಬಸುರಾಗುವುದಿಲ್ಲವೆಂಬುದು ನಮ್ಮ ಅಜ್ಜಿಯರಿಗೆಲ್ಲ ತಿಳಿದಿದ್ದ ಸಂಗತಿ. ಅದೇಕೆ ಹಾಗೆಂದು ಕೇಳುವ ಪ್ರಸಂಗ ಅವರಿಗೆ ಬರಲಿಲ್ಲ. ಕೇಳಿದವನು ಆಸ್ಟ್ರಿಯ ದೇಶದ ಇನ್ಸ್‌ಬ್ರುಕ್ ನಗರದಲ್ಲಿದ್ದ ಶರೀರಶಾಸ್ತ್ರಜ್ಞ ಲೂಡ್ವಿಗ್ ಹಾಬರ್ಲಾಂಟ್. 1920ರ ಆಸುಪಾಸಿನಲ್ಲಿ ಆತನು ಗಬ್ಬದ ಮೊಲವೊಂದರ ಅಂಡಾಶಯವನ್ನು ತೆಗೆದು ಗಬ್ಬವಿಲ್ಲದ ಮೊಲದ ಚರ್ಮದಡಿಯಲ್ಲಿ ನಾಟಿ, ಆ ಎರಡನೆಯ ಮೊಲವು ಗಂಡಿನೊಡನೆ ಕೂಡಿದರೂ ಕೆಲವು ಕಾಲ ಗರ್ಭ ಕಟ್ಟದೆ ಉಳಿಯುವುದನ್ನು ಕಂಡನು. ಅಂಡಾಶಯದಿಂದ ಹೊರಟ ಯಾವುದೋ ರಸವು ನೆತ್ತರಿನಲ್ಲಿ ಹರಿದು, ಈ ದೇಹದಲ್ಲಿ ಆಗಲೇ ಗರ್ಭ ನಿಂತಿದೆ, ಇನ್ನೊಂದು ಅಂಡಾಣು ಬೇಡ ಎಂಬ ವರ್ತಮಾನವನ್ನು ಮೇಲಕ್ಕೆ ಮುಟ್ಟಿಸುತ್ತಿರಬೇಕೆಂದು ಆತನು ಊಹಿಸಿದನು. ಇಂದು ಕೋಟ್ಯಂತರ ಸ್ತ್ರೀಯರು ದಿನಕ್ಕೊಂದರಂತೆ ನುಂಗುತ್ತಿರುವ ಗುಳಿಗೆಯು ಮಾಡುವ ಕೆಲಸ, ಬಹುಮಟ್ಟಿಗೆ, ಆ ವರ್ತಮಾನವನ್ನು ಗರ್ಭವಿಲ್ಲದಿರುವಾಗಲೂ ಮುಟ್ಟಿಸುವುದೇ ಆಗಿದೆ.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಣವಿಲ್ಲದೆ ದೊರೆಯುವ ಮಾಲಾ-ಎನ್ ಗುಳಿಗೆಯ ಒಂದು ಸ್ಟ್ರಿಪ್ಪನ್ನು ಕೈಯಲ್ಲಿ ಹಿಡಿದು ನೋಡಿ. ಇಪ್ಪತ್ತೆಂಟು ಗುಳಿಗೆಗಳುಂಟು, ಇಪ್ಪತ್ತೊಂದು ಬಿಳಿಯವು, ಏಳು ಕಂದುಬಣ್ಣದವು. ಬಿಳಿಯ ಗುಳಿಗೆ ಒಂದೊಂದರಲ್ಲಿಯೂ ಪ್ರೊಜೆಸ್ಟರೋನ್ ಜಾತಿಗೆ ಸೇರಿದ ಲೀವೊನಾರ್ಜೆಸ್ಟ್ರೆಲ್ ಎಂಬ ದ್ರವ್ಯ 0.15 ಮಿಲಿಗ್ರಾಮ್, ಈಸ್ಟ್ರೋಜೆನ್ ಜಾತಿಯ ಎಥಿನೈಲ್ ಈಸ್ಟ್ರಡಯಾಲ್ 0.03 ಮಿಲಿಗ್ರಾಮ್ ಇರುತ್ತವೆ. ಎರಡನ್ನೂ ಕೂಡಿಸಿದರೆ ಒಂದು ರಾಗಿಕಾಳಿನ ತೂಕದ ಹತ್ತರಲ್ಲೊಂದು ಪಾಲೂ ಆಗದು. ಉಳಿದುದೆಲ್ಲ ಕೈಗೆ ಸಿಕ್ಕುವಂತೆ ಗಾತ್ರ ಕೊಡುವ ಪುಡಿ. ಕಂದು ಗುಳಿಗೆಗಳಲ್ಲಿರುವುದು ಕಬ್ಬಿಣದ ಅಂಶ ಮಾತ್ರ.

ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯು ಎರಡು ಹಾರ್ಮೋನುಗಳನ್ನು ಕೆಳಗೆ ಕಳುಹಿಸುತ್ತದೆ. ಒಂದು ಅಂಡಾಶಯದಲ್ಲಿನ ಅಂಡಾಣುವನ್ನು ಮಾಗಿಸುವಂಥದು, ಮತ್ತೊಂದು ತಿಂಗಳ ನಡುವಿನಲ್ಲಿ ಹಠಾತ್ತನೆ ಉಕ್ಕಿ ಬಂದು ಮಾಗಿದ ಅಂಡಾಣುವನ್ನು ಹೊರಕ್ಕೆ ಬಿಡಿಸುವಂಥದು. ಗುಳಿಗೆಯಲ್ಲಿನ ಈಸ್ಟ್ರೋಜೆನ್ ಮೊದಲನೆಯದನ್ನು ಅಡಗಿಸುತ್ತದೆ, ಪ್ರೊಜೆಸ್ಟರೋನ್ ಎರಡನೆಯದರ ಉಕ್ಕನ್ನು ತಡೆಯುತ್ತದೆ. ಅಂಡಾಣು ಹೊರಬೀಳುವುದೇ ಇಲ್ಲ. ಅದಲ್ಲದೆ ಗರ್ಭಕೋಶದ ಕೊರಳಿನಲ್ಲಿನ ಲೋಳೆಯು ಮಂದವಾಗಿ ವೀರ್ಯಾಣುಗಳಿಗೆ ಹಾದಿ ಕೊಡದು, ಗರ್ಭಕೋಶದ ಒಳಪದರವೂ ತೆಳುವಾಗಿ ಉಳಿಯುತ್ತದೆ. ಕಂದು ಗುಳಿಗೆಗಳ ವಾರದಲ್ಲಿ ಕಾಣುವ ಸ್ರಾವವು ನಿಜವಾದ ಮುಟ್ಟಲ್ಲ. ಹಾರ್ಮೋನಿನ ಆಸರೆ ತಪ್ಪಿದ ತೆಳುಪದರವು ಕಳಚಿ ಬೀಳುವುದಷ್ಟೆ. ಆ ಏಳು ದಿನಗಳಲ್ಲಿಯೇ ಅಂಡಾಶಯವು ಮೆಲ್ಲಮೆಲ್ಲನೆ ಎಚ್ಚರಗೊಳ್ಳತೊಡಗಿರುತ್ತದೆ, ಎಂಟನೆಯ ದಿನ ಬಿಳಿಯ ಗುಳಿಗೆ ಬಾರದಿದ್ದರೆ ಅಂಡಾಣು ಮಾಗಿ ಹೊರಬೀಳಲೂಬಹುದು. ಆದುದರಿಂದ ಹೊಸ ಸ್ಟ್ರಿಪ್ಪನ್ನು ಎರಡು ಮೂರು ದಿನ ತಡಮಾಡಿ ತೆರೆಯುವುದು ಎಲ್ಲ ಮರೆವುಗಳಲ್ಲಿಯೂ ಹೆಚ್ಚು ಅಪಾಯದ ಮರೆವು. ಕಬ್ಬಿಣದ ಗುಳಿಗೆಗಳನ್ನು ಪ್ರಯೋಜನವಿಲ್ಲವೆಂದು ಎಸೆದು ದಿನದ ಲೆಕ್ಕ ತಪ್ಪಿಸಿಕೊಳ್ಳುವವರು ಇದನ್ನು ಮನಸ್ಸಿನಲ್ಲಿಡಬೇಕು. ನಿಯಮ ತಪ್ಪದೆ ತೆಗೆದುಕೊಂಡರೆ ವರ್ಷಕ್ಕೆ ನೂರು ಮಂದಿಯಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದು ಅಪರೂಪ. ಲೋಕಾರೂಢಿಯ ಮರೆವು ಸೇರಿದರೆ ಸುಮಾರು ಏಳು ಮಂದಿಗೆ ನಿಲ್ಲುತ್ತದೆ. ಒಂದು ಗುಳಿಗೆ ತಪ್ಪಿದ್ದರೆ ನೆನಪಾದೊಡನೆ ನುಂಗುವುದು. ಎರಡೋ ಹೆಚ್ಚೋ ತಪ್ಪಿದ್ದರೆ ಗುಳಿಗೆಯನ್ನು ಮುಂದುವರಿಸುತ್ತ ಏಳು ದಿನ ನಿರೋಧನ್ನೂ ಬಳಸುವುದು.

ಇನ್ನು ಈಸ್ಟ್ರೋಜೆನ್ನಿನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಗುಳಿಗೆಯ ಗುಣ ಮತ್ತು ಭಯ ಎರಡೂ ಅದರಲ್ಲಿ ಹೆಣೆದುಕೊಂಡಿವೆ. 1950ರ ದಶಕದಲ್ಲಿ ಅಮೆರಿಕದ ಗ್ರೆಗರಿ ಪಿಂಕಸ್ ಮತ್ತು ಜಾನ್ ರಾಕ್ ಎಂಬ ವಿದ್ವಾಂಸರು ಪ್ರೊಜೆಸ್ಟರೋನ್ ಜಾತಿಯ ಕೃತಕದ್ರವ್ಯವೊಂದರಿಂದಲೇ ಅಂಡಾಣುವನ್ನು ತಡೆಯಲು ಯತ್ನಿಸುತ್ತಿದ್ದಾಗ, ಆ ದ್ರವ್ಯದಲ್ಲಿ ಈಸ್ಟ್ರೋಜೆನ್ನಿನ ಕಲಬೆರಕೆ ಲೇಶಮಾತ್ರ ಉಳಿದಿರುವುದು ಗೊತ್ತಾಯಿತು. ಅದನ್ನು ಶುದ್ಧಮಾಡಿ ಕೊಟ್ಟರು. ಒಡನೆಯೇ ಹೆಂಗಸರಿಗೆ ತಿಂಗಳ ನಡುವೆ ಅಕಾಲದ ರಕ್ತಸ್ರಾವ ಹೆಚ್ಚಿತು. ಹಾಗಾಗಿ ತೆಗೆದುಹಾಕಿದ ದ್ರವ್ಯವನ್ನು ಬುದ್ಧಿಪೂರ್ವಕವಾಗಿ ಮತ್ತೆ ಸೇರಿಸಬೇಕಾಯಿತು. 1956ರಲ್ಲಿ ಪೋರ್ಟೊರಿಕೊ ದ್ವೀಪದ ಬಡ ಹೆಂಗಸರ ಮೇಲೆ ಅದರ ದೊಡ್ಡ ಪರೀಕ್ಷೆ ನಡೆಯಿತು. ತಾವು ಪರೀಕ್ಷೆಯೊಂದರಲ್ಲಿ ಭಾಗಿಗಳೆಂಬುದನ್ನು ಅವರಿಗೆ ಸರಿಯಾಗಿ ತಿಳಿಸಲಿಲ್ಲ. ತಲೆಸುತ್ತು, ವಾಂತಿ, ತಲೆನೋವು ಬಹಳವೆಂದು ಅಲ್ಲಿನ ವೈದ್ಯೆ ಎಡ್ರಿಸ್ ರೈಸ್-ರೇ ಬರೆದು ತಿಳಿಸಿದರೂ ಆ ಮಾತಿಗೆ ಬೆಲೆ ಬರಲಿಲ್ಲ. ಇದನ್ನು ನೆನೆದಾಗ ನನ್ನ ಮನಸ್ಸಿಗೆ ನೋವಾಗುತ್ತದೆ. 1960ರಲ್ಲಿ ಅಮೆರಿಕ ಸರ್ಕಾರದ ಸಮ್ಮತಿ ಪಡೆದ ಎನೊವಿಡ್ ಗುಳಿಗೆಯಲ್ಲಿ ಈಸ್ಟ್ರೋಜೆನ್ ಜಾತಿಯ ದ್ರವ್ಯ 0.15 ಮಿಲಿಗ್ರಾಮ್ ಇತ್ತು. ನಾನು ಈಗ ತಾನೆ ಹೇಳಿದ 0.03ನ್ನು ಅದರೊಡನೆ ಹೋಲಿಸಿಕೊಳ್ಳಿ.

ಹಾಲಿಗೆ ಹೆಪ್ಪು ಹಾಕುವ ಗೃಹಿಣಿಗೆ ಚೆನ್ನಾಗಿ ಗೊತ್ತು, ಹೆಪ್ಪಿನ ಒಂದು ತೊಟ್ಟು ಹೆಚ್ಚಾದರೆ ಮೊಸರು ಬೇಗ ಗಟ್ಟಿಯಾಗುತ್ತದೆ. ನೆತ್ತರಿಗೂ ತನ್ನದೇ ಆದ ಹೆಪ್ಪು ಉಂಟು. ಗಾಯವಾದಾಗ ನಮ್ಮನ್ನು ಕಾಯುವುದು ಅದೇ. ಈಸ್ಟ್ರೋಜೆನ್ ಯಕೃತ್ತನ್ನು ಪ್ರಚೋದಿಸಿ ಆ ಹೆಪ್ಪಿನ ಅಂಶಗಳನ್ನು ಹೆಚ್ಚಿಸುತ್ತದೆ, ಹೆಪ್ಪುಗಟ್ಟದಂತೆ ತಡೆಯುವ ಅಂಶಗಳಲ್ಲಿ ಕೆಲವನ್ನು ಕುಗ್ಗಿಸುತ್ತದೆ. ಇದರಿಂದ ಕಾಲಿನ ಆಳದ ರಕ್ತನಾಳದಲ್ಲಿ ಗರಣೆ ಕಟ್ಟಿ, ಅದು ಕಳಚಿಕೊಂಡು ಹೃದಯದ ಮೂಲಕ ಹಾದು ಶ್ವಾಸಕೋಶದಲ್ಲಿ ಸಿಕ್ಕಿಬಿದ್ದರೆ ಪ್ರಾಣಕ್ಕೇ ಸಂಚಕಾರ. 1961ರಲ್ಲಿ ಇಂಗ್ಲೆಂಡಿನ ವೈದ್ಯನೊಬ್ಬನು ಈ ಗುಳಿಗೆ ನುಂಗುತ್ತಿದ್ದ ದಾದಿಯೊಬ್ಬಳಿಗೆ ಹೀಗಾದುದನ್ನು ವೈದ್ಯಪತ್ರಿಕೆಯಲ್ಲಿ ಬರೆದನು. ಮುಂದೆ ಆ ದಶಕದ ಕೊನೆಯೊಳಗೆ ಬ್ರಿಟನ್ನಿನ ಸಂಶೋಧನೆಗಳು ಸಂಬಂಧವನ್ನು ಸ್ಥಿರಪಡಿಸಿದುವು, ಈಸ್ಟ್ರೋಜೆನ್ ಇಳಿಯಿತು. ಆದರೆ ಗುಳಿಗೆ ನುಂಗುವವಳಿಗೆ ಈ ವಿಷಯವನ್ನು ಹೇಳುವವರಿರಲಿಲ್ಲ. 1970ರಲ್ಲಿ ಅಮೆರಿಕದ ಸೆನೆಟ್ಟಿನಲ್ಲಿ ವಿಚಾರಣೆ ನಡೆಯುತ್ತಿದ್ದಾಗ, ನುಂಗಿದವಳ ಮಾತನ್ನೇ ಕೇಳದಿರುವುದೇಕೆಂದು ತರುಣಿಯರು ಸಭೆಯಲ್ಲಿ ಎದ್ದು ನಿಂತು ಪ್ರಶ್ನಿಸಿದರು. ಅಪಾಯಗಳನ್ನು ತಿಳಿಸುವ ಚೀಟಿಯೊಂದು ಗುಳಿಗೆಯೊಡನೆ ಬರತೊಡಗಿದುದು ಆ ಮೇಲೆಯೇ.

ಅಪಾಯದ ಪ್ರಮಾಣವನ್ನು ಅಳೆದು ಹೇಳುವುದಾದರೆ, ಗುಳಿಗೆ ನುಂಗದ ಹತ್ತು ಸಾವಿರ ಸ್ತ್ರೀಯರಲ್ಲಿ ವರ್ಷಕ್ಕೆ ಸುಮಾರು ಇಬ್ಬರಿಗೆ ಇಂಥ ಗರಣೆ ಕಟ್ಟುತ್ತದೆ; ಲೀವೊನಾರ್ಜೆಸ್ಟ್ರೆಲ್ ಇರುವ ಗುಳಿಗೆ ನುಂಗುವವರಲ್ಲಿ ಐದರಿಂದ ಏಳು ಮಂದಿಗೆ; ಡ್ರೊಸ್ಪಿರಿನೋನ್ ಮೊದಲಾದ ಹೊಸ ದ್ರವ್ಯಗಳಿರುವ ಗುಳಿಗೆಗಳಲ್ಲಿ ಒಂಬತ್ತರಿಂದ ಹನ್ನೆರಡು ಮಂದಿಗೆ. ಹೆಚ್ಚು ಬೆಲೆಯ ಗುಳಿಗೆಯೇ ಹೆಚ್ಚು ನಿರಪಾಯವೆಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ. ಬಸಿರು ಬಾಣಂತನಗಳಲ್ಲಿ ಈ ಅಪಾಯ ಗುಳಿಗೆಯದಕ್ಕಿಂತ ಹೆಚ್ಚೆಂಬುದನ್ನೂ ಮರೆಯಬಾರದು. ಗುಳಿಗೆಯನ್ನು ಆರಂಭಿಸಿದ ಮೊದಲ ತಿಂಗಳುಗಳಲ್ಲಿಯೇ ಭಯ ಅಧಿಕ. ದೇಹಕ್ಕೆ ವಿಶ್ರಾಂತಿಯೆಂದು ನಡುವೆ ಕೆಲವು ತಿಂಗಳು ಬಿಟ್ಟು ಮತ್ತೆ ತೊಡಗಿದರೆ ಆ ಮೊದಲ ತಿಂಗಳುಗಳೇ ಮರಳಿ ಬಂದಂತಾಗುತ್ತದೆ.

ಹಾಗಾದರೆ ಯಾರು ಇದನ್ನು ಮುಟ್ಟಬಾರದು? ಹಿಂದೆ ಎಂದಾದರೂ ರಕ್ತನಾಳದಲ್ಲಿ ಗರಣೆ ಕಟ್ಟಿದ್ದವರು, ಪಾರ್ಶ್ವವಾಯು ಅಥವಾ ಹೃದಯಾಘಾತ ಆದವರು, ಕಣ್ಣಮುಂದೆ ಮಿಂಚು ಸುಳಿದು ಆಮೇಲೆ ಅರೆತಲೆನೋವು ಬರುವವರು, ಸ್ತನದ ಕ್ಯಾನ್ಸರ್ ಅಥವಾ ಯಕೃತ್ತಿನ ಕಠಿಣ ರೋಗವಿರುವವರು, ಮೂವತ್ತೈದು ದಾಟಿಯೂ ಧೂಮಪಾನ ಮಾಡುವವರು. ಮೊಲೆಯೂಡಿಸುವ ಬಾಣಂತಿಯರು ಮೊದಲ ಆರು ತಿಂಗಳು ಬೇರೆ ಉಪಾಯವನ್ನು ಹಿಡಿಯುವುದು ಲೇಸು. ರಕ್ತದ ಒತ್ತಡ ಹೆಚ್ಚಿರುವವರಿಗೂ ಇದು ತಕ್ಕುದಲ್ಲ. ಆದರೆ ತನ್ನ ಬಿ.ಪಿ. ಹೆಚ್ಚಿದೆಯೆಂದು ಹೆಂಗಸಿಗೆ ತಿಳಿಯುವುದಾದರೂ ಹೇಗೆ? ತೋಳಿಗೆ ಪಟ್ಟಿ ಸುತ್ತಿ ಅಳೆಯಲು ಎರಡು ನಿಮಿಷ ಸಾಕು, ಆ ಎರಡು ನಿಮಿಷ ಸಿಕ್ಕದೆ ಔಷಧದಂಗಡಿಯಿಂದ ಗುಳಿಗೆ ನೇರವಾಗಿ ಮನೆಗೆ ಬರುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟೋಯಿನ್ ಮುಂತಾದ ಕೆಲವು ಔಷಧಗಳು ಗುಳಿಗೆಯ ಹಾರ್ಮೋನನ್ನು ಬೇಗ ಕರಗಿಸಿ ಅದನ್ನು ನಿಷ್ಫಲಗೊಳಿಸುತ್ತವೆಂಬುದನ್ನೂ ತಿಳಿದಿರಬೇಕು.

ಕ್ಯಾನ್ಸರಿನ ವಿಚಾರ ಒಂದೇ ಮಾತಿನಲ್ಲಿ ಮುಗಿಯುವಂಥದಲ್ಲ. ಅಂಡಾಶಯದ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರನ್ನು ಗುಳಿಗೆ ತಗ್ಗಿಸುತ್ತದೆ. ಸ್ತನದ ಕ್ಯಾನ್ಸರನ್ನೂ, ಬಹುಕಾಲ ಬಳಸಿದವರಲ್ಲಿ ಗರ್ಭಕೊರಳಿನ ಕ್ಯಾನ್ಸರನ್ನೂ ತುಸು ಹೆಚ್ಚಿಸುತ್ತದೆ. ಗುಳಿಗೆಯಿಂದ ಬಂಜೆತನ ಬರುವುದೆಂಬ ಭಯ ಮಾತ್ರ ನಿರಾಧಾರ.

1930ರಲ್ಲಿಯೇ ಮೈಸೂರು ಸಂಸ್ಥಾನದ ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಅಂಥ ನಾಡಿನಲ್ಲಿ ಇಂದಿಗೂ ಎಷ್ಟೋ ಸೊಸೆಯಂದಿರು ಈ ಗುಳಿಗೆಯನ್ನು ಅಕ್ಕಿಡಬ್ಬದ ಹಿಂದೆ ಮರೆಸಿಟ್ಟು ನುಂಗುತ್ತಾರೆ. ಮನೆಯವರಿಂದ ಮರೆಸುವುದು ಅವರವರ ಸಂಸಾರದ ಮಾತು, ಅದರಲ್ಲಿ ನಾನು ತಲೆಹಾಕಲಾರೆ. ಆದರೆ ತಾಯಂದಿರೆ, ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ, ಉಸಿರು ತಟಕ್ಕನೆ ಕಟ್ಟಿದರೆ, ಎದೆ ಅಥವಾ ಹೊಟ್ಟೆ ಬಲವಾಗಿ ನೊಂದರೆ, ಹಿಂದೆಂದೂ ಕಾಣದ ತಲೆನೋವು ಬಂದರೆ, ಕಣ್ಣು ಮಂಜಾದರೆ, ಅಂದೇ ಆಸ್ಪತ್ರೆಗೆ ಹೋಗಿ. ಅಲ್ಲಿ ಏನೇನು ಔಷಧ ತೆಗೆದುಕೊಳ್ಳುತ್ತಿದ್ದೀರಿ ಎಂದು ವೈದ್ಯರು ಕೇಳಿದಾಗ ಈ ಗುಳಿಗೆಯ ಹೆಸರನ್ನು ತಪ್ಪದೆ ಹೇಳಿ, ಅವರು ಕೇಳದಿದ್ದರೆ ನೀವಾಗಿಯೇ ಹೇಳಿ.